ಎಲುಬು ಮುರಿದಿರಲಿಲ್ಲ

ಡಿಸೆಂಬರ್ ತಿಂಗಳ ಮೊದಲ ವಾರವೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆದ ಭತ್ತ ಕೊಯ್ಲಾಗಿ, ಸಿಂಧನೂರಿನ ಸುತ್ತಲಿನ ಊರುಗಳಲ್ಲಿ ರಸ್ತೆಯ ಅರ್ಧ ಭಾಗವನ್ನು ಒಣಹಾಕಿದ ಕಾಳು ಆವರಿಸಿಕೊಳ್ಳುವ ಕಾಲ. ಶಾಲೆ ಮುಗಿಸಿಕೊಂಡು ಸ್ಕೂಟಿಯಲ್ಲಿ ಮನೆಗೆ ಬರುತ್ತಿದ್ದ ನಾನು ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಗಾಲಿಯನ್ನು ಭತ್ತದ ಮೇಲೆ ಹತ್ತಿಸಿದೆ. ಗಾಡಿ ಜಾರಿತು, ನಾನು ಬಲಗೈ ಊರಿಕೊಂಡು ಬಿದ್ದೆ. ಅಂಗೈ ತರಚಿತ್ತು, ಮೊಣಕಾಲಿಗೆ ಪೆಟ್ಟಾಗಿತ್ತು. ಭುಜದೊಳಗೆ ಏನೋ ಪರ್ರನೆ ಹರಿದಂತೆ ಅನಿಸಿದರೂ ಹೊರಗೆ ಗಾಯವಿಲ್ಲದ ಕಾರಣ ಅದರ ಕಡೆಗೆ ಲಕ್ಷ್ಯ ಹೋಗಿದ್ದು ರಾತ್ರಿ ಹಾಸಿಗೆಗೆ ಒರಗಿದ ಮೇಲೆಯೇ.

ಮರುದಿನ ಬೆಳಿಗ್ಗೆ ಊರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. "ಎಲುಬು ಮುರಿದಿಲ್ಲ, ಬರೀ ಪೆಟ್ಟು, ಹದಿನೈದು ದಿನಕ್ಕೆ ಕಡಿಮೆಯಾಗುತ್ತದೆ" ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ಆ ಮಾತು ಸುಳ್ಳಾಗಿರಲಿಲ್ಲ, ಎಲುಬು ನಿಜವಾಗಿಯೂ ಮುರಿದಿರಲಿಲ್ಲ. ಆದರೆ ಎಕ್ಸ್‌ರೇಯಲ್ಲಿ ಕಾಣುವುದು ಎಲುಬು ಮಾತ್ರ, ಎಲುಬಿಗೆ ಸ್ನಾಯುವನ್ನು ಕಟ್ಟಿ ಹಿಡಿದಿರುವ ರಜ್ಜು ಅದರಲ್ಲಿ ಕಾಣುವುದೇ ಇಲ್ಲ ಎಂಬ ಸಂಗತಿಯನ್ನು ಅಂದು ಯಾರೂ ಹೇಳಲಿಲ್ಲ, ಕೇಳಬೇಕೆಂಬುದು ನನಗೂ ತಿಳಿಯಲಿಲ್ಲ. "ಮುರಿದಿಲ್ಲ" ಎಂಬ ಒಂದು ಮಾತು ಹಿಡಿದುಕೊಂಡು ನಾನು ಐದು ವಾರ ಕಳೆದೆ.

ಆ ಐದು ವಾರ ಹೇಗಿದ್ದವೆಂದು ಬರೆಯಲೇಬೇಕು, ಏಕೆಂದರೆ ನನ್ನ ತೋಳು ಅಷ್ಟು ದಿನವೂ ತನ್ನೊಳಗೆ ಏನಾಗಿದೆ ಎಂಬುದನ್ನು ಸ್ಪಷ್ಟವಾಗಿಯೇ ಹೇಳುತ್ತಿತ್ತು. ಹಗಲು ತೋಳನ್ನು ಪಕ್ಕಕ್ಕೆ ಇಳಿಬಿಟ್ಟು ಓಡಾಡಿದರೆ ನೋವು ಅಷ್ಟಾಗಿ ಇರುತ್ತಿರಲಿಲ್ಲ. ರಾತ್ರಿ ನಿದ್ದೆಯಲ್ಲಿ ಬಲಮಗ್ಗುಲಿಗೆ ಹೊರಳಿದ ಕ್ಷಣ ಎಚ್ಚರವಾಗುತ್ತಿತ್ತು, ಆಮೇಲೆ ಗೋಡೆಗೆ ದಿಂಬು ಆನಿಸಿ ಕುಳಿತೇ ಬೆಳಗು ಮಾಡುತ್ತಿದ್ದೆ. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ಕರಿಹಲಗೆಯ ಮೇಲಿನ ಸಾಲಿನಲ್ಲಿ ಪಾಠದ ಹೆಸರು ಬರೆಯಲು ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿಯಬೇಕಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ತಿಳಿದದ್ದು ರೊಟ್ಟಿ ಬಡಿಯುವಾಗ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಕೊಣಮಿಗೆಯಲ್ಲಿ ಹಿಟ್ಟಿನ ಮುದ್ದೆಯನ್ನು ಅಂಗೈಯಿಂದ ಬಡಿಯುತ್ತ, ಎಡಗೈಯಿಂದ ತಿರುಗಿಸುತ್ತ ಹರಡುತ್ತೇವೆ. ಆ ಬಡಿತ ಅಂಗೈಯದೆಂದು ಮೂವತ್ತು ವರ್ಷ ತಿಳಿದುಕೊಂಡಿದ್ದೆ. ಅದು ಭುಜದ್ದು. ಮೊದಲ ಏಟಿಗೇ ಬೆವರು ಕಿತ್ತುಕೊಂಡು ಬಂತು, ಎರಡನೆಯದಕ್ಕೆ ಕೈ ತಾನಾಗಿಯೇ ಹಿಟ್ಟಿನ ಮೇಲೆ ಕುಸಿಯಿತು.

ಮನೆಗೆ ಬಂದವರೆಲ್ಲ ಒಂದೊಂದು ಉಪಾಯ ಹೇಳಿದರು. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವುದರಿಂದ "ಸಕ್ಕರೆ ಇದ್ದವರಿಗೆ ಭುಜ ಹಿಡಿಯುತ್ತದೆ, ಎಲ್ಲರಿಗೂ ಹೀಗೇ" ಎಂದವರೇ ಹೆಚ್ಚು. ಕೊನೆಗೆ ಪಕ್ಕದ ಹಳ್ಳಿಯಲ್ಲಿ ಎಣ್ಣೆ ಹಚ್ಚಿ ತೀಡುವವರೊಬ್ಬರ ಬಳಿಗೆ ಹೋದೆ. ಮುರಿದ ಎಲುಬಿಗೆ ಪಟ್ಟು ಕಟ್ಟಿ ಎಷ್ಟೋ ಜನರಿಗೆ ವಾಸಿ ಮಾಡಿದವರೆಂದು ಅವರಿಗೆ ಹೆಸರಿತ್ತು. ಅವರು ತೋಳನ್ನು ಹಿಂದಕ್ಕೆ ತಿರುವಿ ಎಳೆದರು. ಮೂರು ಸಲ ಹೋದೆ, ಮೂರು ಸಲವೂ ಮರಳಿ ಬರುವಾಗ ನೋವು ಹೆಚ್ಚಾಗಿತ್ತು. ಹರಿದ ರಜ್ಜನ್ನು ಎಳೆದು ತೀಡುವುದರಿಂದ ಕೂಡಿಸಲಾಗದು. ಇದನ್ನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳುತ್ತಿಲ್ಲ, ನನ್ನಂತೆ ಬಿದ್ದ ಇನ್ನೊಬ್ಬರು ಆ ಎಳೆತಕ್ಕೆ ತೋಳು ಕೊಡದಿರಲಿ ಎಂಬ ಕಾಳಜಿಯಿಂದ ಹೇಳುತ್ತಿದ್ದೇನೆ.

ಜನವರಿ ಎರಡನೆಯ ವಾರ ರಾಯಚೂರಿಗೆ ಹೋಗಿ ಎಲುಬು ಮತ್ತು ಕೀಲು ತಜ್ಞರೊಬ್ಬರನ್ನು ಕಂಡೆ. ಅವರು ಮೊದಲು ತೋಳನ್ನು ತಾವೇ ಹಿಡಿದು ನಿಧಾನವಾಗಿ ಮೇಲೆತ್ತಿದರು. ನೋವಿನ ನಡುವೆಯೂ ಅದು ಕಿವಿಯ ಹತ್ತಿರದ ತನಕ ಹೋಯಿತು. ಅನಂತರ ನನಗೇ ಎತ್ತಲು ಹೇಳಿದರು. ಭುಜದ ಮಟ್ಟಕ್ಕೂ ಬಾರದೆ ನಿಂತಿತು. ಭುಜ ಹಿಡಿದಿದ್ದರೆ, ಅಂದರೆ ಫ್ರೋಜನ್ ಶೋಲ್ಡರ್ ಆಗಿದ್ದರೆ, ಬೇರೆಯವರು ಎತ್ತಿದರೂ ತೋಳು ಮೇಲೇಳುವುದಿಲ್ಲ, ಕೀಲಿನ ಸುತ್ತಲಿನ ಚೀಲವೇ ಬಿಗಿದುಕೊಂಡಿರುತ್ತದೆ. ಇನ್ನೊಬ್ಬರು ಎತ್ತಿದಾಗ ಏಳುವ ತೋಳು ತಾನಾಗಿ ಏಳದಿದ್ದರೆ ಎತ್ತುವ ಹಗ್ಗಕ್ಕೇ ಏನೋ ಆಗಿದೆ ಎಂದರ್ಥ ಎಂದು ವಿವರಿಸಿದರು. ಸಕ್ಕರೆ ಇರುವವರಿಗೆ ಭುಜ ಹಿಡಿಯುವುದು ಹೆಚ್ಚೆಂಬುದು ನಿಜವೇ, ಆದರೆ ನನ್ನದು ಅದಲ್ಲವೆಂಬುದು ಎರಡು ನಿಮಿಷದ ಆ ಪರೀಕ್ಷೆಯಲ್ಲಿಯೇ ಸ್ಪಷ್ಟವಾಯಿತು.

ಸೊಂಟದ ಕೀಲು ಒರಳಿನಲ್ಲಿ ಗುಂಡು ಕುಳಿತಂತೆ ಆಳವಾಗಿ ಕುಳಿತಿರುತ್ತದೆ. ಭುಜದ ಕೀಲು ಹಾಗಲ್ಲ, ಸಣ್ಣ ತಟ್ಟೆಯ ಅಂಚಿಗೆ ದೊಡ್ಡ ತೆಂಗಿನಕಾಯಿ ಆನಿಸಿಟ್ಟಂತೆ ಇರುತ್ತದೆ. ಅದಕ್ಕೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಅದು ಜಾರುವ ಅಪಾಯವೂ ಹೆಚ್ಚು. ಜಾರದಂತೆ ಆ ಗುಂಡನ್ನು ತಟ್ಟೆಗೆ ಒತ್ತಿ ಹಿಡಿಯುವವು ನಾಲ್ಕು ಸ್ನಾಯುಗಳು, ಅವುಗಳ ರಜ್ಜುಗಳು ಸೇರಿ ತೋಳಿನ ಎಲುಬಿನ ತಲೆಗೆ ಸೆರಗು ಹೊದಿಸಿದಂತೆ ಅಂಟಿಕೊಂಡಿರುತ್ತವೆ. ಇದನ್ನೇ ರೊಟೇಟರ್ ಕಫ್ ಎನ್ನುತ್ತಾರೆ. ನಾಲ್ಕರಲ್ಲಿ ಮೇಲ್ಗಡೆ ಇರುವ ಸುಪ್ರಾಸ್ಪೈನೇಟಸ್ ಎಂಬುದೇ ಸಾಮಾನ್ಯವಾಗಿ ಮೊದಲು ಹರಿಯುವಂಥದ್ದು.

ಎಂಆರ್‌ಐ ವರದಿಯಲ್ಲಿ ನನ್ನದೂ ಅದೇ ಎಂದಿತ್ತು: ಸುಪ್ರಾಸ್ಪೈನೇಟಸ್ ರಜ್ಜು ಪೂರ್ಣ ದಪ್ಪದಷ್ಟು ಹರಿದಿದೆ, ಬಿರುಕಿನ ಅಗಲ ಸುಮಾರು 1.5 ಸೆಂ.ಮೀ., ರಜ್ಜು ಹಿಂದಕ್ಕೆ ಸರಿದಿರುವುದು ಸ್ವಲ್ಪ, ಸ್ನಾಯುವಿನಲ್ಲಿ ಕೊಬ್ಬು ತುಂಬಿಲ್ಲ. "ಪೂರ್ಣ ಹರಿದಿದೆ" ಎಂಬ ಮಾತಿನಲ್ಲಿಯೇ ನನ್ನ ಮನಸ್ಸು ನಿಂತುಬಿಟ್ಟಿತ್ತು. ನಿರ್ಧಾರಕ್ಕೆ ಆಧಾರವಾಗಬೇಕಾದವು ಕೊನೆಯ ಎರಡು ಮಾತುಗಳೆಂದು ತಿಳಿಯಲು ಇನ್ನೂ ಹತ್ತು ದಿನ ಬೇಕಾಯಿತು.

ರಾಯಚೂರಿನ ವೈದ್ಯರ ಸಲಹೆ ಮೂರು ತಿಂಗಳು ಫಿಜಿಯೋಥೆರಪಿ ಮಾಡಿ ನೋಡೋಣ ಎಂಬುದಾಗಿತ್ತು. ವಯಸ್ಸಾದಂತೆ ಈ ರಜ್ಜು ಸವೆದು ತಾನೇ ಬಿರಿಯುತ್ತದೆ; ಅರವತ್ತು ದಾಟಿದ, ಯಾವ ನೋವೂ ಇಲ್ಲದ ಎಷ್ಟೋ ಜನರ ಭುಜವನ್ನು ಎಂಆರ್‌ಐ ಮಾಡಿದರೂ ಹರಿದಿರುವುದು ಕಾಣುತ್ತದೆ; ಉಳಿದ ಸ್ನಾಯುಗಳಿಗೆ ಬಲ ತುಂಬಿದರೆ ಅವರಲ್ಲಿ ಬಹಳಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ ಎಂದರು. ಮನಸ್ಸಿಗೆ ಬಹಳ ಸಮಾಧಾನವಾಯಿತು. ನಮ್ಮ ಭಾವನವರ ಉದಾಹರಣೆಯೂ ಕಣ್ಣ ಮುಂದೆಯೇ ಇತ್ತು. ಅರವತ್ತೆಂಟು ವರ್ಷದ ಅವರು ಬದುಕೆಲ್ಲ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತವರು. ನಾಲ್ಕು ವರ್ಷದ ಹಿಂದೆ ಭುಜ ಮೆಲ್ಲಮೆಲ್ಲಗೆ ನೋಯತೊಡಗಿ ಪರೀಕ್ಷೆ ಮಾಡಿಸಿದಾಗ ನನಗಿಂತ ದೊಡ್ಡ ಬಿರುಕೇ ಕಂಡಿತ್ತು. ಬರೀ ವ್ಯಾಯಾಮ ಮಾಡಿ ಇಂದು ಆರಾಮಾಗಿ ಎಮ್ಮೆ ಹಿಂಡುತ್ತಾರೆ, ಮೇವಿನ ಹೊರೆ ಎತ್ತುತ್ತಾರೆ.

ಆದರೂ ಇನ್ನೊಬ್ಬರ ಅಭಿಪ್ರಾಯ ಕೇಳಿಯೇ ಬಿಡೋಣವೆಂದು ನನ್ನ ಯಜಮಾನರು ಹಟ ಹಿಡಿದಿದ್ದರಿಂದ ಫಿಲ್ಮು, ವರದಿ ಎಲ್ಲ ಕಟ್ಟಿಕೊಂಡು ಬಳ್ಳಾರಿಗೆ ಹೊರಟೆವು. ಧಡೇಸೂಗೂರಿನ ಸೇತುವೆ ದಾಟಿ ಸಿರುಗುಪ್ಪದ ಮೇಲೆ ಹಾಯುವ ಆ ರಸ್ತೆಯಲ್ಲಿ ಬಸ್ಸು ಕುಲುಕಿದಾಗಲೆಲ್ಲ ಎಡಗೈಯಿಂದ ಬಲಗೈಯನ್ನು ಮಗುವಿನಂತೆ ಅವುಚಿಕೊಂಡು ಕುಳಿತಿದ್ದೆ. ಅಲ್ಲಿನ ತಜ್ಞರು ಫಿಲ್ಮು ನೋಡುವ ಮೊದಲು ಕೇಳಿದ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ: "ಬೀಳುವ ದಿನ ಬೆಳಿಗ್ಗೆ ಈ ಕೈ ಹೇಗಿತ್ತು?"

ಆ ದಿನ ಬೆಳಿಗ್ಗೆ ನಾನು ಹನ್ನೆರಡು ರೊಟ್ಟಿ ಬಡಿದಿದ್ದೆ, ಕೊಡ ತುಂಬಿ ಸೊಂಟಕ್ಕೇರಿಸಿದ್ದೆ, ಹಲಗೆಯ ತುದಿಯ ತನಕ ಬರೆದಿದ್ದೆ. ಭುಜ ಎಂಬುದೊಂದಿದೆ ಎಂಬ ನೆನಪೂ ಬಾರದಷ್ಟು ಚೆನ್ನಾಗಿತ್ತು. ಇದನ್ನು ಹೇಳಿದಾಗ ಅವರು, ಹಾಗಾದರೆ ಇದು ವಯಸ್ಸಿನ ಬಿರುಕಲ್ಲ, ಬಿದ್ದ ಬಿರುಕು, ಎರಡರ ದಾರಿಯೂ ಬೇರೆ ಎಂದರು. ಸವೆದು ನಿಧಾನವಾಗಿ ಬಿರಿದ ರಜ್ಜಿನ ಸುತ್ತ ಉಳಿದ ಸ್ನಾಯುಗಳು ವರ್ಷಗಳ ಕಾಲ ಹೊಂದಿಕೊಂಡಿರುತ್ತವೆ, ಅಲ್ಲಿ ಕಾಯುವುದರಿಂದ ಬಹುಮಟ್ಟಿಗೆ ನಷ್ಟವಿಲ್ಲ. ಗಟ್ಟಿಯಾಗಿದ್ದ ರಜ್ಜು ಒಂದೇ ಏಟಿಗೆ ಹರಿದು, ತೋಳಿನ ಬಲವೂ ಅಂದೇ ಹೋಗಿದ್ದರೆ ಕಾಯುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಹರಿದ ತುದಿ ತಿಂಗಳು ಕಳೆದಂತೆ ಒಳಕ್ಕೆ ಸರಿಯುತ್ತದೆ, ಕೆಲಸವಿಲ್ಲದ ಸ್ನಾಯು ಸೊರಗಿ ಅದರೊಳಗೆ ಕೊಬ್ಬು ತುಂಬುತ್ತದೆ. ಹಾಗೆ ಕೊಬ್ಬಾದ ಸ್ನಾಯು, ಆಮೇಲೆ ರಜ್ಜನ್ನು ಹೊಲಿದರೂ, ಮೊದಲಿನ ಸ್ನಾಯುವಾಗಿ ಮರಳುವುದಿಲ್ಲ. ವರದಿಯ ಕೊನೆಯ ಎರಡು ಮಾತುಗಳ ಮೇಲೆ ಬೆರಳಿಟ್ಟು, ಈಗ ಹೊಲಿದರೆ ಹಿಡಿಯುವ ಸ್ಥಿತಿಯಲ್ಲಿದೆ, ವರ್ಷದ ನಂತರ ಹೀಗೇ ಇರುತ್ತದೆಂದು ಹೇಳಲಾರೆ ಎಂದರು.

ಒಬ್ಬರು ಕಾಯಿರಿ ಎಂದರು, ಇನ್ನೊಬ್ಬರು ಕಾಯಬೇಡಿ ಎಂದರು. ಒಬ್ಬರು ತಪ್ಪು, ಇನ್ನೊಬ್ಬರು ಸರಿ ಎಂದು ತೀರ್ಮಾನಿಸುವುದು ಸುಲಭವಿತ್ತು, ಆದರೆ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ರಾಯಚೂರಿನ ವೈದ್ಯರಿಗೆ ಫೋನ್ ಮಾಡಿ, ಬೀಳುವ ತನಕ ಕೈ ಪೂರ್ತಿ ಚೆನ್ನಾಗಿತ್ತೆಂಬುದನ್ನು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ನೀವು ಅಂದು ಹೇಳಿರಲಿಲ್ಲ, ಹಾಗಿದ್ದರೆ ನಾನೂ ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತೇನೆ" ಎಂದರು. ನಿಜ, ನಾನು ಹೇಳಿರಲಿಲ್ಲ. "ಐದು ವಾರದಿಂದ ಭುಜ ನೋವು, ಸಕ್ಕರೆ ಇದೆ, ವಯಸ್ಸು ಐವತ್ತೊಂದು" ಎಂದಷ್ಟೇ ಹೇಳಿದ್ದೆ. ಬಿದ್ದದ್ದನ್ನು ಹೇಳಿದ್ದರೂ ಬೀಳುವ ಮೊದಲಿನ ಕೈಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬಿರುಕು ಹೊಸದೋ ಹಳೆಯದೋ ಎಂಬುದನ್ನು ಫಿಲ್ಮು ಎಲ್ಲ ಸಲವೂ ಖಚಿತವಾಗಿ ತಿಳಿಸುವುದಿಲ್ಲ. ಅದಕ್ಕೆ ಸಾಕ್ಷಿ ಹೇಳಬೇಕಾದವಳು ನಾನೇ ಆಗಿದ್ದೆ.

ನಡುವೆ ಇಂಜೆಕ್ಷನ್ ಮಾತೂ ಬಂತು. ಸಹೋದ್ಯೋಗಿಯೊಬ್ಬರಿಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ವಾರದಲ್ಲಿ ಭುಜ ಹಗುರಾಗಿತ್ತಂತೆ, ನನಗೂ ಅದೇ ಸಾಕೆಂದು ಒತ್ತಾಯಿಸಿದರು. ಬಳ್ಳಾರಿಯ ವೈದ್ಯರು ನೀಡಿದ ಉತ್ತರ ಸ್ಪಷ್ಟವಾಗಿತ್ತು. ಉರಿಯೂತದ ನೋವಿಗೆ ಅದು ಕೆಲವು ವಾರಗಳ ಮಟ್ಟಿಗೆ ಒಳ್ಳೆಯ ಶಮನ ಕೊಡುತ್ತದೆ, ಆದರೆ ಹರಿದುದನ್ನು ಕೂಡಿಸುವುದಿಲ್ಲ. ಮೇಲಿಂದ ಮೇಲೆ ಕೊಟ್ಟರೆ ರಜ್ಜು ದುರ್ಬಲವಾಗಬಹುದು, ಸಕ್ಕರೆ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಅದರ ಬೆನ್ನಿಗೇ ಶಸ್ತ್ರಚಿಕಿತ್ಸೆ ಮಾಡಿದರೆ ಸೋಂಕಿನ ಅಪಾಯ ಹೆಚ್ಚು. ಹೊಲಿಗೆ ಹಾಕಿಸುವುದಿದ್ದರೆ ಈಗ ಅದು ಬೇಡ ಎಂದರು.

ಇಷ್ಟಾದರೂ ತಕ್ಷಣ ಶಸ್ತ್ರಚಿಕಿತ್ಸೆ ಆಗಲಿಲ್ಲ, ಕಾರಣ ನನ್ನ ಸಕ್ಕರೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 9.4 ಇತ್ತು. ಅಷ್ಟಿದ್ದಾಗ ಗಾಯ ಮಾಯುವುದು ನಿಧಾನ, ಸೋಂಕಿನ ಭಯ ಹೆಚ್ಚು, ಹೊಲಿದ ರಜ್ಜು ಎಲುಬಿಗೆ ಹಿಡಿಯುವುದೂ ಕಷ್ಟ. ಎಂಟಕ್ಕಿಂತ ಕೆಳಗಿಳಿಸಿಕೊಂಡು ಬನ್ನಿ, ಆದರೆ ಮಾರ್ಚ್ ದಾಟಿಸಬೇಡಿ ಎಂದು ಗಡುವು ಕೊಟ್ಟರು. ಆ ಎರಡು ತಿಂಗಳು ನಾನು ಹಿಡಿದ ಶಿಸ್ತನ್ನು ಎಂಟು ವರ್ಷ ಹಿಡಿದಿರಲಿಲ್ಲ. ಭತ್ತದ ಸೀಮೆಯಲ್ಲಿದ್ದುಕೊಂಡು ಎರಡು ಹೊತ್ತೂ ಅನ್ನ ಬಿಟ್ಟೆ. ರೊಟ್ಟಿ ಬಡಿಯಲು ಕೈಯಿಲ್ಲದ ಕಾರಣ ಬೀದಿಯ ತುದಿಯಲ್ಲಿ ರೊಟ್ಟಿ ಮಾರುವ ಅವ್ವನ ಬಳಿ ಕಟಕ ರೊಟ್ಟಿ ತರಿಸುತ್ತಿದ್ದೆವು. ಮಾತ್ರೆಯ ಜೊತೆಗೆ ಇನ್ಸುಲಿನ್ ಶುರುವಾಯಿತು. ವಾರಕ್ಕೆ ಮೂರು ದಿನ ಫಿಜಿಯೋಥೆರಪಿಗೂ ಹೋದೆ. ಬಿಗಿತ ಬಂದ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿದರೆ ಆಮೇಲೆ ಇನ್ನಷ್ಟು ಬಿಗಿಯುತ್ತದೆಂಬ ಕಾರಣಕ್ಕೆ ಮೊದಲೇ ಕೀಲನ್ನು ಸಡಿಲವಾಗಿಟ್ಟುಕೊಳ್ಳಬೇಕಿತ್ತು. ಮಾರ್ಚ್ ಮಧ್ಯದ ಪರೀಕ್ಷೆಯಲ್ಲಿ 7.6 ಬಂತು.

ಹಣದ ವಿಚಾರವನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಈ ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ದೊಡ್ಡ ಪಾಲು ರಜ್ಜನ್ನು ಎಲುಬಿಗೆ ಕಟ್ಟುವ ಆಂಕರ್ ಎಂಬ ಸಣ್ಣ ಮೊಳೆಗಳದು, ಎಷ್ಟು ಹಾಕುತ್ತಾರೋ ಅಷ್ಟು ಏರುತ್ತದೆ. ಆದ್ದರಿಂದ ಎಷ್ಟು ಬೇಕಾಗಬಹುದು, ಒಂದಕ್ಕೆ ಎಷ್ಟು ಎಂಬುದನ್ನು ಮೊದಲೇ ಬರೆಸಿಕೊಂಡೆವು. ನನಗೆ ಎರಡು ಸಾಕಾದವು. ಬಿಪಿಎಲ್ ಕಾರ್ಡಿನವರಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ನೆರವಿದೆ. ಯಾವ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗೆಂದು ಇರುವ ಆರೋಗ್ಯಮಿತ್ರರ ಬಳಿ ವಿಚಾರಿಸಿಕೊಳ್ಳಬೇಕು. ದಾಖಲಾದ ಮೇಲೆ ಓಡಾಡಿ ಹೈರಾಣಾದವರನ್ನು ನನ್ನ ಪಕ್ಕದ ಹಾಸಿಗೆಯಲ್ಲಿಯೇ ಕಂಡೆ.

ಮಾರ್ಚ್ ಕೊನೆಯ ವಾರ ಬಳ್ಳಾರಿಯಲ್ಲಿ ಆರ್ಥ್ರೋಸ್ಕೊಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ ಆಯಿತು. ಅದರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ, ನಾನು ನಿದ್ದೆಯಲ್ಲಿದ್ದೆ. ಕತ್ತಿನ ಬದಿಯಲ್ಲಿ ನರಕ್ಕೆ ಕೊಟ್ಟ ಇಂಜೆಕ್ಷನ್‌ನಿಂದಾಗಿ ಎಚ್ಚರವಾದ ಮೇಲೂ ಇಡೀ ತೋಳು ಮರುದಿನ ಬೆಳಗಿನ ಜಾವದ ತನಕ ಸ್ಪರ್ಶವಿಲ್ಲದೆ ಬಿದ್ದಿತ್ತು. ನೋವು ಕಾಣಿಸಿಕೊಳ್ಳುವ ಮೊದಲೇ ಮಾತ್ರೆ ತೆಗೆದುಕೊಳ್ಳಿ ಎಂದು ದಾದಿ ಹೇಳಿದ್ದರು. ನಾನು ನೋವಿಲ್ಲವಲ್ಲ ಎಂದು ಬಿಟ್ಟೆ. ನಾಲ್ಕು ಗಂಟೆಗೆ ಮರಗಟ್ಟಿದ್ದು ಇಳಿದಾಗ ಬಂದ ನೋವು ಬಿದ್ದ ದಿನದ ನೋವಿಗಿಂತ ಹೆಚ್ಚಿತ್ತು.

ಯಾರಾದರೂ ಈ ದಾರಿ ಹಿಡಿಯುವುದಾದರೆ ಅವರು ಮನಸ್ಸನ್ನು ಸಿದ್ಧಪಡಿಸಿಕೊಳ್ಳಬೇಕಾದ್ದು ಶಸ್ತ್ರಚಿಕಿತ್ಸೆಗಲ್ಲ, ಅದರ ನಂತರದ ತಿಂಗಳುಗಳಿಗೆ. ಆರು ವಾರ ಹಗಲು ರಾತ್ರಿ ತೋಳಿನ ಕೆಳಗೆ ದಿಂಬಿಟ್ಟು ಕಟ್ಟಿದ ಸ್ಲಿಂಗ್. ನನ್ನ ಆರು ವಾರ ಬಿದ್ದದ್ದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ರಾಯಚೂರು ಜಿಲ್ಲೆಯ ಬಿಸಿಲು ಬಲ್ಲವರಿಗೆ ಇನ್ನೇನು ಹೇಳಬೇಕಾಗಿಲ್ಲ. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಸ್ಲಿಂಗಿನ ಪಟ್ಟಿಯ ಕೆಳಗೆ, ಕಂಕುಳಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಉರಿಯುತ್ತಿತ್ತು. ಸ್ನಾನದ ಹೊತ್ತಿನಲ್ಲಿ ಮಾತ್ರ ಬಿಚ್ಚಿ, ಮುಂದಕ್ಕೆ ಬಾಗಿ ತೋಳನ್ನು ಜೋತುಬಿಟ್ಟು, ಕಂಕುಳನ್ನು ಮೆಲ್ಲಗೆ ಒರೆಸಿ, ಹಳೆಯ ಧೋತರದ ತುಂಡನ್ನು ಮಡಚಿ ಇಟ್ಟು ಮತ್ತೆ ಕಟ್ಟಿಸಿಕೊಳ್ಳುತ್ತಿದ್ದೆ. ಕುಪ್ಪಸ ತೊಡಲಾಗದೆ ಯಜಮಾನರ ಅಂಗಿಗಳನ್ನು ಹಾಕಿಕೊಂಡೆ. ಶಾಲೆಗೆ ರಜೆ ಇದ್ದದ್ದು ದೊಡ್ಡ ಅನುಕೂಲವಾಯಿತು.

ಎರಡನೆಯ ವಾರದಿಂದ ಫಿಜಿಯೋಥೆರಪಿಯವರು ತೋಳನ್ನು ತಾವೇ ಎತ್ತಿ ಇಳಿಸುತ್ತಿದ್ದರು, ನಾನು ಒಂದಿಷ್ಟೂ ಬಲ ಹಾಕುವಂತಿರಲಿಲ್ಲ. ಬಲ ಹಾಕದೆ ಇರುವುದು ಬಲ ಹಾಕುವುದಕ್ಕಿಂತ ಕಷ್ಟ. ಆರು ವಾರವಾದ ಮೇಲೆ ಬೆರಳುಗಳನ್ನು ಗೋಡೆಯ ಮೇಲೆ ಇರುವೆ ಹತ್ತಿದಂತೆ ಹತ್ತಿಸುವ ವ್ಯಾಯಾಮ. ಮುಟ್ಟಿದ ಎತ್ತರಕ್ಕೆ ದಿನವೂ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಒಂದು ಹಂತದಲ್ಲಿ ಹನ್ನೊಂದು ದಿನ ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೆರೆಯಾಗಿತ್ತು, ಆ ದಿನಗಳಲ್ಲಿ ನಾನು ತಪ್ಪು ನಿರ್ಧಾರ ಮಾಡಿದೆನೆಂದು ಅತ್ತದ್ದೂ ಉಂಟು. ಹನ್ನೆರಡನೆಯ ದಿನ ಗೆರೆ ಎರಡು ಬೆರಳು ಮೇಲಕ್ಕೆ ಹೋಯಿತು. ಜೂನ್‌ನಲ್ಲಿ ಶಾಲೆ ತೆರೆದಾಗ ಹಲಗೆಯ ಮೇಲೆ ಮಕ್ಕಳಿಂದಲೇ ಬರೆಸಿದೆ. ಮೂರು ತಿಂಗಳು ತುಂಬಿದ ಮೇಲೆ ರಬ್ಬರ್ ಪಟ್ಟಿ ಎಳೆಯುವ, ಬಲ ಕೂಡಿಸುವ ವ್ಯಾಯಾಮಗಳು ಶುರುವಾದವು. ನೀರಿನ ಕೊಡ ಎತ್ತಲು ಆರು ತಿಂಗಳವರೆಗೂ ಅನುಮತಿ ಇರಲಿಲ್ಲ.

ಈಗ ಒಂಬತ್ತನೆಯ ತಿಂಗಳು. ಆರನೆಯ ತಿಂಗಳ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಹೊಲಿಗೆ ಹಿಡಿದಿರುವುದು ಕಂಡಿದೆ. ಹಲಗೆಯ ಮೇಲಿನ ಸಾಲು ಮುಟ್ಟುತ್ತೇನೆ, ಬಲಮಗ್ಗುಲಿಗೆ ಮಲಗುತ್ತೇನೆ. ಬೆನ್ನ ಹಿಂದೆ ಕೈ ಒಯ್ಯುವುದು ಇನ್ನೂ ಪೂರ್ತಿ ಬಂದಿಲ್ಲ, ವರ್ಷದ ತನಕ ಸುಧಾರಿಸುತ್ತಲೇ ಹೋಗುತ್ತದೆ ಎಂದಿದ್ದಾರೆ. ಮತ್ತೆ ಭತ್ತದ ಕೊಯ್ಲು ಮುಗಿದಿದೆ, ರಸ್ತೆಯ ಮೇಲೆ ಕಾಳು ಬಿದ್ದಿದೆ, ಶಾಲೆಗೆ ನಾನು ಆಟೊದಲ್ಲಿ ಹೋಗುತ್ತಿದ್ದೇನೆ. ಕಳೆದ ವಾರ ಬೀದಿಯವರೊಬ್ಬರು ಮೋಟಾರ್ ಬೈಕಿನಿಂದ ಬಿದ್ದು, ತೋಳು ಏಳುತ್ತಿಲ್ಲ, ಆದರೆ ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ ಎಂದು ಹೇಳಲು ಬಂದಿದ್ದರು. ಬೀಳುವ ಮೊದಲು ಆ ಕೈ ಹೇಗಿತ್ತೆಂದು ಕೇಳಿದೆ. ಚೆನ್ನಾಗಿತ್ತು ಎಂದರು. ಅದನ್ನೇ ವೈದ್ಯರಿಗೆ ಮೊದಲು ಹೇಳಿ ಎಂದು ಹೇಳಿ, ಮರುದಿನದ ಬೆಳಗಿನ ಬಸ್ಸಿಗೆ ಅವರನ್ನು ರಾಯಚೂರಿಗೆ ಕಳುಹಿಸಿದೆ.